ನಿಂತ ನೆಲಕ್ಕೆ ಮೊದಲ ಪತ್ರ

‘ಸ್ವಾಮಿ, ಈ ಮನೆ ಯಾರದು?’ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿದರೆ ನಿಮಗೆ ನಗು ಬಂದೀತು. ‘ನಮ್ಮದೇ, ಇನ್ನಾರದು?’ ಎನ್ನುತ್ತೀರಿ. ‘ಅದಕ್ಕೆ ಆಧಾರವೇನು?’ ಎಂದು ಅವರು ಮುಂದುವರಿದು ಕೇಳಿದರೆ ನಗು ಸ್ವಲ್ಪ ತಗ್ಗುತ್ತದೆ. ಒಬ್ಬರು ಒಳಗೆ ಹೋಗಿ ಕಂದಾಯ ಕಟ್ಟಿದ ರಶೀದಿ ತರುತ್ತಾರೆ. ಇನ್ನೊಬ್ಬರು ವಿದ್ಯುತ್ತಿನ ಬಿಲ್ಲು ತೋರಿಸುತ್ತಾರೆ. ಮತ್ತೊಬ್ಬರು, ‘ನಮ್ಮ ತಾತನ ಕಾಲದಿಂದ ಇಲ್ಲೇ ಇದ್ದೇವೆ, ಊರಿಗೆಲ್ಲ ಗೊತ್ತು’ ಎನ್ನುತ್ತಾರೆ. ಇವೆಲ್ಲ ಒಳ್ಳೆಯ ಸಾಕ್ಷ್ಯಗಳೇ. ಆದರೆ ಇವುಗಳಲ್ಲಿ ಒಂದೂ ಒಡೆತನದ ಪತ್ರವಲ್ಲ.

ನಮ್ಮ ನಾಡಿನಲ್ಲಿ ಎರಡು ಮೂರು ತಲೆಮಾರು ಒಂದೇ ನೆಲದಲ್ಲಿ ಬಾಳಿ, ಅಲ್ಲಿಯೇ ಹುಟ್ಟಿ, ಅಲ್ಲಿಯೇ ಮುಪ್ಪಾಗಿ, ಆ ನೆಲಕ್ಕೆ ಒಂದು ಚೂರು ಕಾಗದವೂ ಇಲ್ಲದ ಕುಟುಂಬಗಳು ಲೆಕ್ಕವಿಲ್ಲದಷ್ಟಿವೆ. ಅಂಥವರ ಕೈಗೆ ಮೊಟ್ಟಮೊದಲ ಪತ್ರ ಬರುವುದು ಹೇಗೆ, ಬಂದ ಮೇಲೆ ಮಾಡತಕ್ಕದ್ದೇನು, ಪಟ್ಟಣದಲ್ಲಿರುವ ನಮಗೂ ನಿಮಗೂ ಇದರಿಂದ ತಿಳಿಯಬೇಕಾದದ್ದೇನು ಎಂಬುದೇ ಈ ಭಾಷಣದ ವಿಷಯ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಜನರ ಮಾತಿನಲ್ಲಿ ‘ಪತ್ರ’, ‘ರಿಜಿಸ್ಟರು’, ‘ಖಾತೆ’ ಎಂಬ ಮೂರೂ ಒಂದೇ ಎಂಬಂತೆ ಬಳಕೆಯಲ್ಲಿವೆ. ‘ಖಾತೆ ನಮ್ಮ ಹೆಸರಿಗಿದೆ, ಸಾಕಲ್ಲ’ ಎನ್ನುವವರೂ, ‘ರಿಜಿಸ್ಟರ್ ಆಗಿದೆ, ಇನ್ನೇನು ಭಯ’ ಎನ್ನುವವರೂ ಉಂಟು. ನಿಜಕ್ಕೂ ಇವು ಮೂರು ಬೇರೆ ಬೇರೆ ಸಂಗತಿಗಳು. ಒಂದು ಮನೆಮಾತಿನ ಹೋಲಿಕೆ ಕೊಡುತ್ತೇನೆ. ಮದುವೆ ಒಂದು. ಆ ಮದುವೆಯನ್ನು ಕಚೇರಿಯಲ್ಲಿ ದಾಖಲು ಮಾಡಿಸುವುದು ಇನ್ನೊಂದು. ಆಮೇಲೆ ಪಡಿತರ ಚೀಟಿಯಲ್ಲಿ ಹೆಂಡತಿಯ ಹೆಸರು ಸೇರಿಸುವುದು ಮೂರನೆಯದು. ಪಡಿತರ ಚೀಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮದುವೆಯಾದಂತಲ್ಲ. ನೆಲದ ವಿಷಯವೂ ಹಾಗೆಯೇ. ಹಕ್ಕು ಹುಟ್ಟುವುದು ಕ್ರಯಪತ್ರದಿಂದ, ದಾನಪತ್ರದಿಂದ, ವಿಭಾಗಪತ್ರದಿಂದ, ವಾರಸಿನಿಂದ ಅಥವಾ ಸರ್ಕಾರ ಕೊಡುವ ಹಕ್ಕುಪತ್ರದಿಂದ. ನೋಂದಣಿ ಆಗುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. ಖಾತೆ ಅಥವಾ ಪಹಣಿ ಬದಲಾಗುವುದು ಕಂದಾಯ ಇಲಾಖೆಯಲ್ಲಿ, ಪಂಚಾಯಿತಿಯಲ್ಲಿ ಇಲ್ಲವೆ ಪುರಸಭೆಯಲ್ಲಿ. ಮೂರು ಮೆಟ್ಟಿಲು, ಮೂರು ಬಾಗಿಲು.

ನೋಂದಣಿಗೆ ಆಧಾರ 1908ರ ನೋಂದಣಿ ಕಾಯಿದೆ. ಸ್ಥಿರ ಸ್ವತ್ತಿನ ಕ್ರಯಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಸೇರುತ್ತದೆ. ನೂರು ರೂಪಾಯಿಗೆ ಮೇಲ್ಪಟ್ಟ ಬೆಲೆಯ ನೆಲವನ್ನು ಮಾರುವುದಾದರೆ ನೋಂದಾಯಿತ ಪತ್ರದಿಂದಲೇ ಮಾರಬೇಕು. ಈ ಕಾಲದಲ್ಲಿ ನೂರು ರೂಪಾಯಿಗೆ ಕಾಲಿಡುವಷ್ಟು ನೆಲವೂ ಸಿಕ್ಕದಾದ್ದರಿಂದ, ಎಲ್ಲ ಕ್ರಯವೂ ನೋಂದಣಿಯಾಗಲೇಬೇಕು ಎಂದು ತಿಳಿದರೆ ತಪ್ಪಿಲ್ಲ. ಪತ್ರ ಬರೆದು ಸಹಿ ಮಾಡಿದ 4 ತಿಂಗಳೊಳಗೆ ಅದನ್ನು ಕಚೇರಿಗೆ ಹಾಜರುಪಡಿಸಬೇಕು. ತಡವಾದರೆ ದಂಡ ತೆತ್ತು ಇನ್ನು 4 ತಿಂಗಳವರೆಗೆ ಅವಕಾಶ ಕೇಳಬಹುದು. ನೋಂದಣಿಯಾಗಬೇಕಾದ ಪತ್ರ ನೋಂದಣಿಯಾಗದಿದ್ದರೆ ಅದರಿಂದ ಒಡೆತನ ಬರುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದು ನಾಲ್ವರು ಪಂಚರ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟ ಕ್ರಯಪತ್ರ ಎಷ್ಟು ಹಳೆಯದಾದರೂ ಒಡೆತನದ ಪತ್ರವಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ಉಪನೋಂದಣಾಧಿಕಾರಿಗಳು ನೋಂದಾಯಿಸುವುದು ಪತ್ರವನ್ನು. ಆ ನೆಲ ಮಾರಿದವನದೇ ಹೌದೆಂದು ಅವರು ಹೊಣೆ ಹೊರುವುದಿಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿ ರಾಬರ್ಟ್ ಟಾರೆನ್ಸ್ ಎಂಬವರು ಬೇರೊಂದು ಪದ್ಧತಿಯನ್ನು ಜಾರಿಗೆ ತಂದರು. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಅದಕ್ಕೆ ಸರ್ಕಾರವೇ ಜವಾಬು. ನಮ್ಮಲ್ಲಿ ಹಾಗಿಲ್ಲ. ಕೊಡುವವನಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಕೊಳ್ಳುವವನಿಗೆ ಬರುತ್ತದೆ. ಇಲ್ಲದ್ದನ್ನು ಕೊಟ್ಟರೆ ಬರುವುದೂ ಇಲ್ಲದ್ದೇ, ಅದನ್ನು ಎಷ್ಟು ಮುದ್ದಾಗಿ ನೋಂದಾಯಿಸಿದ್ದರೂ ಸರಿ.

ಪಹಣಿಯ ಮಾತೂ ಇದೇ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಪ್ರಕಾರ, ಅದರಲ್ಲಿರುವುದು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕು. ‘ತಪ್ಪೆಂದು ಸಾಬೀತಾಗುವವರೆಗೆ’ ಎಂಬ ಮಾತನ್ನು ಮರೆಯಬಾರದು. ಪಹಣಿಯ 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರು, 10ನೆಯದರಲ್ಲಿ ಅದು ಅವನಿಗೆ ಬಂದ ಬಗೆ, 11ನೆಯದರಲ್ಲಿ ಇತರರ ಹಕ್ಕು ಮತ್ತು ಸಾಲದ ಭಾರ, 12ನೆಯದರಲ್ಲಿ ಸಾಗುವಳಿಯ ವಿವರ ಇರುತ್ತವೆ. ನಮ್ಮವರು 9ನ್ನು ಓದಿ ಸಂತೋಷಪಟ್ಟು ಪಹಣಿಯನ್ನು ಮಡಿಸಿಟ್ಟುಬಿಡುತ್ತಾರೆ. ತೊಂದರೆ ಇರುವುದು ಸಾಮಾನ್ಯವಾಗಿ 10 ಮತ್ತು 11ರಲ್ಲಿ.

ಹಾಗಾದರೆ ಹಿಂದೆ ಯಾವ ಪತ್ರವೂ ಇಲ್ಲದ ನೆಲಕ್ಕೆ ಮೊದಲ ಪತ್ರ ಎಲ್ಲಿಂದ ಬರಬೇಕು? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲಿ, ಮೈಸೂರು ಸಂಸ್ಥಾನದಲ್ಲಿ 1863ರಿಂದ, ಹೊಲಗಳ ಮೋಜಣಿ ನಡೆಯಿತು. ಸರಪಳಿ ಹಿಡಿದು ಅಳೆದರು. ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ಹೊಲಕ್ಕೆ ಸರ್ವೆ ನಂಬರು ಬಿತ್ತು, ಕಂದಾಯ ಗೊತ್ತಾಯಿತು. ಮನೆಗಳಿರುವ ಜಾಗವನ್ನು ಗ್ರಾಮಠಾಣೆ ಎಂದು ಗೆರೆ ಎಳೆದು ಬಿಟ್ಟರು. ಸರ್ಕಾರಕ್ಕೆ ಬೇಕಾಗಿದ್ದದ್ದು ಕಂದಾಯ. ಕಂದಾಯ ಬರುವುದು ಬೆಳೆಯಿಂದ. ಆದ್ದರಿಂದ ಹೊಲದ ಲೆಕ್ಕ ಅಚ್ಚುಕಟ್ಟಾಯಿತು, ಮನೆಯ ಲೆಕ್ಕ ಆಗಲಿಲ್ಲ. ಹೊಲದ ಲೆಕ್ಕದಲ್ಲೂ ಹೆಸರು ಬಿದ್ದದ್ದು ಕಂದಾಯ ಕಟ್ಟುವವನದು. ಗೇಣಿಗೆ ಉಳುವವನದಾಗಲಿ, ಕೂಲಿ ಮಾಡುವವನದಾಗಲಿ ಅಲ್ಲ. ಆ ಪುಸ್ತಕಗಳನ್ನು ಬರೆದವರು ವಂಶಪಾರಂಪರ್ಯದ ಶಾನುಭೋಗರು. ಆ ಪದ್ಧತಿ ರದ್ದಾದದ್ದು 1963ರ ಫೆಬ್ರವರಿ 1ರಂದು.

ಉಳುವವನ ಹೆಸರಿಗೆ ಮೊದಲ ಪತ್ರ ದೊಡ್ಡ ಪ್ರಮಾಣದಲ್ಲಿ ಬಂದದ್ದು ಭೂಸುಧಾರಣೆಯಿಂದ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಮಾಡಿದ ಸತ್ಯಾಗ್ರಹವನ್ನು ಹಿರಿಯರು ಬಲ್ಲರು. ಭತ್ತವನ್ನು ಅಳೆಯುವ ಕೊಳಗದ ಅಳತೆಯ ಜಗಳ ಅಲ್ಲಿ ಉಳುವವನ ಹಕ್ಕಿನ ಪ್ರಶ್ನೆಯಾಯಿತು. 1961ರ ಭೂಸುಧಾರಣೆ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯ ಪ್ರಕಾರ, 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ತೋರಿಸಿಕೊಟ್ಟರೆ ನಮೂನೆ 10ರಲ್ಲಿ ಅಧಿಭೋಗದ ಪ್ರಮಾಣಪತ್ರ ಸಿಕ್ಕುತ್ತಿತ್ತು. ಅರ್ಜಿಯ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಬಡವನಿಗೆ ಭಯವಾಗದಿರಲೆಂದು ಮೊದಲಿಗೆ ವಕೀಲರಿಗೆ ಮಂಡಳಿಯಲ್ಲಿ ಪ್ರವೇಶವನ್ನೇ ಕೊಟ್ಟಿರಲಿಲ್ಲ.

ಆ ಕಾಲದ ಅನುಭವದಿಂದ ನಾವು ಕಲಿಯಬೇಕಾದದ್ದಿದೆ. ಗೇಣಿ ಚೀಟಿಯನ್ನು ಜೋಪಾನ ಮಾಡಿದ್ದವನಿಗೆ ದಾರಿ ಸುಲಭವಾಯಿತು. ಒಡೆಯರ ಮಾತನ್ನೇ ನಂಬಿ, ಚೀಟಿ ಕೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದವನಿಗೆ ಕಷ್ಟವಾಯಿತು. ಇನ್ನು ಅರ್ಜಿಗೆ ಸಹಿ ಮಾಡಿದವನು ಮನೆಯ ಗಂಡಸು. ನಾಟಿ, ಕಳೆ, ಕೊಯಿಲುಗಳಲ್ಲಿ ಬೆನ್ನು ಬಗ್ಗಿಸಿದ ಹೆಂಗಸಿನ ಹೆಸರು ಬಹುಪಾಲು ಪತ್ರಗಳಲ್ಲಿ ಬರಲೇ ಇಲ್ಲ.

‘ಉಳುವವನೇ ಹೊಲದೊಡೆಯ’ ಎಂದದ್ದಾಯಿತು. ಹೊಲವೇ ಇಲ್ಲದವನ ಗುಡಿಸಲ ನೆಲಕ್ಕೆ ಒಡೆಯರಾರು? ಈ ಪ್ರಶ್ನೆ ಬಹಳ ಕಾಲ ಹಾಗೆಯೇ ಉಳಿಯಿತು. ಲಂಬಾಣಿಗರ ತಾಂಡ, ಗೊಲ್ಲರ ಹಟ್ಟಿ, ಗಿರಿಜನರ ಹಾಡಿ, ಕೂಲಿಗಾರರ ದೊಡ್ಡಿ ಮತ್ತು ಕ್ಯಾಂಪು ಇವೆಲ್ಲ ಮೋಜಣಿಯ ಗ್ರಾಮಠಾಣೆಯ ಗೆರೆಯ ಹೊರಗೆ ಬೆಳೆದ ಊರುಗಳು. ಅಲ್ಲಿ ಗುಡಿಯಿದೆ, ಶಾಲೆಯಿದೆ, ನೂರಾರು ಮತದಾರರಿದ್ದಾರೆ. ಕಾಗದದ ಮೇಲೆ ಮಾತ್ರ ಅದು ಯಾರದೋ ಖಾಸಗಿ ಹೊಲ, ಇಲ್ಲವೆ ಸರ್ಕಾರಿ ಗೋಮಾಳ. ಖಾಸಗಿ ಹೊಲವಾದರೆ, ಅಜ್ಜನ ಕಾಲದ ಜಮೀನುದಾರರು ‘ಇದ್ದುಕೊಳ್ಳಿರಪ್ಪ’ ಎಂದು ಕೊಟ್ಟ ಮಾತೇ ಆಧಾರ. ಅವರ ಮೊಮ್ಮಗ ಒಂದು ದಿನ ಪಹಣಿ ಹಿಡಿದು ಬಂದು, ‘ಈ ಸರ್ವೆ ನಂಬರು ಮಾರಿದ್ದೇನೆ, ಜಾಗ ಬಿಡಿ’ ಎಂದರೆ ಏನು ಮಾಡಬೇಕು? ಹೊಸ ರಸ್ತೆಗೆಂದು ನೆಲ ಹೋದರೆ ಪರಿಹಾರದ ಹಣ ಪಹಣಿಯಲ್ಲಿ ಹೆಸರಿರುವವನಿಗೆ ಹೋಗುತ್ತದೆ. ಅಲ್ಲಿ ಮನೆ ಕಟ್ಟಿ ಬಾಳಿದವನಿಗೆ ದಕ್ಕುವ ಖಾತ್ರಿಯಿಲ್ಲ. ಅಂಥವನಿಗೆ ಮನೆ ಕಟ್ಟಲು ಬ್ಯಾಂಕಿನ ಸಾಲವಿಲ್ಲ, ಕೋರ್ಟಿನಲ್ಲಿ ಒಬ್ಬರಿಗೆ ಜಾಮೀನು ನಿಲ್ಲುವ ಯೋಗ್ಯತೆಯೂ ಇಲ್ಲ. ಗೋಡೆ ಗಟ್ಟಿಮಾಡಲೂ ಅವನಿಗೆ ಧೈರ್ಯ ಬಾರದು. ನಾಳೆ ಎದ್ದು ಹೋಗಬೇಕಾದೀತೆಂಬ ಅಂಜಿಕೆಯಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವವರು ಯಾರು?

ಭೂಸುಧಾರಣೆ ಕಾಯಿದೆಯ 38ಎ ವಿಧಿಗೆ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಅಂಜಿಕೆಗೆ ಮದ್ದು. ಖಾಸಗಿ ಜಮೀನಿನಲ್ಲಿ ನೆಲಸಿದ ಕೃಷಿ ಕಾರ್ಮಿಕರ ಇಂಥ ವಸತಿಯ ನೆಲ ಸರ್ಕಾರಕ್ಕೆ ಸೇರುತ್ತದೆ. ಭೂಮಾಲೀಕರಿಗೆ ಕಾಯಿದೆ ಹೇಳಿದ ಮೊಬಲಗು ಸಲ್ಲುತ್ತದೆ. ವಾಸವಿರುವವರಿಗೆ ಹಕ್ಕು ಬರುತ್ತದೆ. ಸರ್ಕಾರಿ ನೆಲದ ಮೇಲಿನ ಹಳೆಯ ಮನೆಗಳಿಗೆ ಭೂಕಂದಾಯ ಕಾಯಿದೆಯಲ್ಲಿ 94ಸಿ, 94ಸಿಸಿ ಎಂಬ ವಿಧಿಗಳಿವೆ. ಮೊದಲನೆಯದು ಹಳ್ಳಿಗೆ, ಎರಡನೆಯದು ಪಟ್ಟಣಕ್ಕೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳಲ್ಲೇ ಸುಮಾರು 1,475 ದಾಖಲೆರಹಿತ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಲಾಯಿತು. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಹಕ್ಕುಪತ್ರಗಳ ವಿತರಣೆಯಾಯಿತು. ನೂರೈವತ್ತು ವರ್ಷದ ಹಿಂದೆ ಸರಪಳಿ ಹಿಡಿದವರು ದಾಟಿಹೋದ ನೆಲಕ್ಕೆ ಹೀಗೆ ಮೊದಲ ಪತ್ರ ಬಂತು.

ಪತ್ರ ಕೈಗೆ ಬಂದೊಡನೆ ಕೆಲಸ ಮುಗಿಯಿತೆ? ಇಲ್ಲ. ಹಕ್ಕುಪತ್ರ ಬಂದವರು ಮಾಡಬೇಕಾದ ಐದು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಪತ್ರವನ್ನು ಓದಿಸುವುದು. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದಾದರೂ ಗಟ್ಟಿಯಾಗಿ ಓದಿಸಬೇಕು. ಸರ್ವೆ ನಂಬರು, ಉದ್ದಗಲ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಸರಿಯಾಗಿವೆಯೆ ನೋಡಬೇಕು. ಮೂಡಲಿಗೆ ರಸ್ತೆ ಎಂದಿರಬೇಕಾದಲ್ಲಿ ಪಡುವಲಿಗೆ ರಸ್ತೆ ಎಂದಿದ್ದರೆ, ಅದು ಪಕ್ಕದ ಮನೆಯ ಪತ್ರವಾಗಿಬಿಡುತ್ತದೆ. ತಪ್ಪನ್ನು ಮೊದಲ ತಿಂಗಳಲ್ಲೇ ತಿದ್ದಿಸುವುದು ಸುಲಭ. ಹತ್ತು ವರ್ಷದ ಮೇಲೆ ಅದೊಂದು ದಾವೆ.

ಎರಡನೆಯದು ಹೆಸರು. ಆಧಾರ್ ಚೀಟಿಯಲ್ಲಿ ಒಂದು, ಮತದಾರರ ಪಟ್ಟಿಯಲ್ಲಿ ಇನ್ನೊಂದು, ಹಕ್ಕುಪತ್ರದಲ್ಲಿ ಮಗದೊಂದು ಎಂದಾಗಬಾರದು. ಅರ್ಜಿ ಕೊಡುವಾಗಲೇ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಸೇರಿಸಬೇಕೆಂದು ಕೇಳುವುದು ಮೇಲು. ಗಂಡ ತೀರಿಕೊಂಡ ಮೇಲೆ ಮೈದುನಂದಿರ ಮುಂದೆ ಕೈಯೊಡ್ಡಿ ನಿಲ್ಲುವ ಗತಿ ಹೆಂಗಸಿಗೆ ಬಾರದಿರಲು ಪತ್ರದಲ್ಲಿ ಒಂದು ಸಾಲು ಸಾಕು.

ಮೂರನೆಯದು ನೋಂದಣಿ. ಹಿಂದೆ ಅನೇಕ ಹಕ್ಕುಪತ್ರಗಳು ನೋಂದಣಿಯಾಗದೆ ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟಲ್ಲೇ ಗೆದ್ದಲ ಪಾಲಾದವು. ನೋಂದಣಿಯಾದರೆ ಅದರ ಪ್ರತಿ ಸರ್ಕಾರದ ಪುಸ್ತಕದಲ್ಲಿ ಉಳಿಯುತ್ತದೆ. ಮೂಲ ಸುಟ್ಟರೂ ದೃಢೀಕೃತ ನಕಲು ಸಿಕ್ಕುತ್ತದೆ.

ನಾಲ್ಕನೆಯದು ಖಾತೆ. ಪಂಚಾಯಿತಿಯಲ್ಲಿ ನಮೂನೆ 9 ಮತ್ತು 11, ಪಟ್ಟಣದಲ್ಲಿ ಇ-ಖಾತೆ ಮಾಡಿಸಿ, ವರ್ಷಕ್ಕೊಮ್ಮೆ ಕಂದಾಯ ಕಟ್ಟಿ ರಶೀದಿ ಇಟ್ಟುಕೊಳ್ಳಬೇಕು.

ಐದನೆಯದು ತಾಳ್ಮೆ. ಸರ್ಕಾರ ಮಂಜೂರು ಮಾಡಿದ ನೆಲವನ್ನು ಸಾಮಾನ್ಯವಾಗಿ ಇಷ್ಟು ವರ್ಷ ಮಾರಬಾರದೆಂಬ ಷರತ್ತು ಇರುತ್ತದೆ. ಎಷ್ಟು ವರ್ಷ ಎಂಬುದು ಆ ಪತ್ರದಲ್ಲೇ ಇರುತ್ತದೆ. ‘ಈಗ ಕರಾರು ಮಾಡಿ ಹಣ ತಗೊಳ್ಳಿ, ಆಮೇಲೆ ಕ್ರಯ ಮಾಡಿಕೊಡಿ’ ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಬೇಕು. ಅಜ್ಜಂದಿರಿಗೆ ಸಿಕ್ಕದ ಪತ್ರವನ್ನು ಒಂದು ಮದುವೆಯ ಖರ್ಚಿಗೆ ಕಳೆದುಕೊಂಡರೆ ಮೊಮ್ಮಕ್ಕಳು ಮತ್ತೆ ಸೊನ್ನೆಯಿಂದ ಶುರುಮಾಡಬೇಕು.

ಇಷ್ಟು ಹೊತ್ತು ಹಳ್ಳಿಯ ಮಾತಾಯಿತು, ನಮಗೇನು ಎಂದು ಪಟ್ಟಣದ ಮನೆಗಳಲ್ಲಿ ಕುಳಿತವರು ಕೇಳಬಹುದು. ನಿಮಗೂ ಇದೆ. ನಿಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಜಮೀನುಂಟು. ಅದರ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಆಶ್ಚರ್ಯವಿಲ್ಲ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರುವ ಖಾತೆಗೆ ಪೌತಿ ಖಾತೆ ಎನ್ನುತ್ತಾರೆ. ಪೌತಿ ಎಂದರೆ ಮರಣ. ಇದಕ್ಕೆ ನೋಂದಾಯಿತ ಪತ್ರ ಬೇಕಿಲ್ಲ. ಮರಣಪತ್ರ, ವಂಶವೃಕ್ಷ ಮತ್ತು ಅರ್ಜಿ ಇವೇ ಮುಖ್ಯ. ನೆಲದ ಹಕ್ಕು ಹೀಗೆ ಬಂದವರು 3 ತಿಂಗಳೊಳಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ನಾವು ಮೂವತ್ತು ವರ್ಷವಾದರೂ ತಿಳಿಸುವುದಿಲ್ಲ. ಅಷ್ಟರಲ್ಲಿ ವಂಶವೃಕ್ಷದ ಕೊಂಬೆಗಳು ಬೆಂಗಳೂರು, ಪುಣೆ, ಅಮೆರಿಕ ಎಂದು ಹರಡಿ, ಒಂದು ಸಹಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ಅದುವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಸ್ವತ್ತಿನಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಹುಟ್ಟಿನಿಂದಲೇ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು. ‘ಅಕ್ಕ, ಇಲ್ಲೊಂದು ಸಹಿ ಹಾಕು, ಸುಮ್ಮನೆ ಖಾತೆಗೆ’ ಎಂದು ತಮ್ಮ ತಂದ ಕಾಗದ ನೋಂದಣಿಗೆ ಹೋಗುವ ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಪ್ರೀತಿಯಿಂದ ಬಿಟ್ಟುಕೊಡುವುದು ಅಕ್ಕನ ಇಷ್ಟ. ತಿಳಿಯದೆ ಬಿಟ್ಟುಕೊಡುವಂತೆ ಆಗಬಾರದು. ಓದಿ ಹೇಳುವುದು ತಮ್ಮನ ಧರ್ಮ.

ಇನ್ನು ಹೊಸದಾಗಿ ನಿವೇಶನ ಕೊಳ್ಳುವವರಿಗೆ ನಾಲ್ಕು ಮಾತು. ಋಣಭಾರ ಪತ್ರವನ್ನು ಸಾಧ್ಯವಾದಷ್ಟು ಹಿಂದಿನ ವರ್ಷದಿಂದ ತೆಗೆಸಿ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಮನೆ ಕಟ್ಟುವ ನೆಲ ವ್ಯವಸಾಯದಿಂದ ಪರಿವರ್ತನೆಯಾಗಿದೆಯೆ, ಬಡಾವಣೆಯ ನಕ್ಷೆಗೆ ಮಂಜೂರಾತಿಯಿದೆಯೆ ಕೇಳಿ. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, ಸರ್ಕಾರದ ಅನುಮತಿಯಿಲ್ಲದೆ ಕೊಂಡ ಕ್ರಯ 1978ರ ಕಾಯಿದೆಯ ಪ್ರಕಾರ ನಿಲ್ಲುವುದಿಲ್ಲ. ಬರಿಯ ಮುಖ್ತಿಯಾರನಾಮೆ, ಅಂದರೆ ಜಿ.ಪಿ.ಎ.ಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಮಾಡಿದೆ. ಅಗ್ಗವೆಂದು ಕಂಡ ನಿವೇಶನದ ಹಿಂದೆ ಇವುಗಳಲ್ಲಿ ಒಂದಾದರೂ ಅಡಗಿರುವುದುಂಟು.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು, ತರಕಾರಿ ತರುವ ಮುದುಕ, ನಿಮ್ಮ ಗೋಡೆ ಕಟ್ಟಿದ ಗಾರೆಯವನು, ಇವರಲ್ಲಿ ಯಾರಿಗಾದರೂ ಊರಿನ ಮನೆಯ ನೆಲಕ್ಕೆ ಪತ್ರ ಬಂದಿರಬಹುದು, ಬರಬೇಕಾಗಿರಬಹುದು. ಅವರಿಗೆ ಕಚೇರಿಯೆಂದರೆ ಸಂಕೋಚ, ಮಧ್ಯವರ್ತಿಗೆ ಕೊಡಲು ಹಣವಿಲ್ಲ. ಪಹಣಿ, ಋಣಭಾರ ಪತ್ರಗಳು ಈಗ ಕಂಪ್ಯೂಟರಿನಲ್ಲಿ ಸಿಕ್ಕುತ್ತವೆ. ನಿಮ್ಮ ಮಗನೋ ಮಗಳೋ ಅರ್ಧ ಗಂಟೆಯಲ್ಲಿ ತೆಗೆದು ತೋರಿಸಬಲ್ಲರು. ಬರುವ ಭಾನುವಾರ ಒಂದು ಲೋಟ ಕಾಫಿ ಕೊಟ್ಟು, ‘ನಿನ್ನ ಪತ್ರ ತಗೊಂಡು ಬಾರಮ್ಮ, ಓದಿ ಹೇಳುತ್ತೇವೆ’ ಎನ್ನಿ. ಹೆಸರು, ಸರ್ವೆ ನಂಬರು, ಚೆಕ್ಕುಬಂದಿ, ನೋಂದಣಿಯ ಸಂಖ್ಯೆ ಈ ನಾಲ್ಕನ್ನೂ ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ತಪ್ಪಿದ್ದರೆ ಯಾವ ಕಚೇರಿಗೆ ಹೋಗಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಡಿ.